ಬದನೆ ಹೂವಿನ ಬಣ್ಣ

"ಅಜ್ಜಾರ, ಈ 'ನಾನು' ಅನ್ನೂದು ನನ್ನ ಬಿಟ್ಟು ಹೋಗಬೇಕಂದ್ರ ನಾ ಇನ್ನೂ ಏನು ಬದಲು ಮಾಡಲಿ?"

ಕೇಳಿದವನು ರೇವಣಯ್ಯ. ಮಠಕ್ಕೆ ಸೇರಿ ಬಹಳ ವರ್ಷಗಳಾಗಿದ್ದ ಶಿಷ್ಯ. ಅವನಿಗೆ ಬೇಕಾದದ್ದು ಒಂದೇ. ಧ್ಯಾನಕ್ಕೆ ಕೂತಾಗ ತನ್ನನ್ನು ತಾನು ಮರೆಯಬೇಕು, ಒಂದು ಗಳಿಗೆಯಾದರೂ ಸಾಕು. ಅದು ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದೊಡನೆ 'ನಾನು ಕೂತಿದ್ದೇನೆ' ಎಂಬ ಯೋಚನೆ ಬರುತ್ತಿತ್ತು. ಅದನ್ನು ಅಟ್ಟಿದರೆ 'ನಾನು ಅಟ್ಟಿದೆ' ಎಂದು ಇನ್ನೊಂದು ಬರುತ್ತಿತ್ತು. ಚಾಪೆ ಬಿಟ್ಟು ಕಂಬಳಿಯ ಮೇಲೆ ಕೂತ. ಪೂರ್ವ ಬಿಟ್ಟು ಉತ್ತರಕ್ಕೆ ಮುಖ ಮಾಡಿದ. ಪಡಸಾಲೆ ಬಿಟ್ಟು ಮಾಳಿಗೆ ಹತ್ತಿದ. ಅವನ ಕಂಬಳಿಯ ಜೊತೆಗೆ ಆ 'ನಾನು' ಕೂಡ ಮಾಳಿಗೆ ಹತ್ತಿತು.

"ಒಂದು ಬೇಡಿಕಿ ಐತ್ರಿ," ಎಂದ. "ದಾಸೋಹದಾಗ ಬಡಿಸೂ ಕೆಲಸದಿಂದ ನನ್ನ ಬಿಡಿಸ್ರಿ. ಮಧ್ಯಾಹ್ನ ಪೂರಾ ಅದರಾಗ ಹೋಗತೈತಿ. ನಿನ್ನೆ ಮಂದಿ ಬಾಳ ಬಂದಿದ್ರು. ಬಡಿಸೂದರಾಗ ನನ್ನ ಊಟಾನ ಮರತುಹೋಗಿತ್ತು, ಸಂಜಿ ಕಡೆ ನೆನಪಾತು. ಹಿಂಗ ಹೊತ್ತು ಹಾಳಾದ್ರ ಸಾಧನಾ ಯಾವಾಗ ಮಾಡಲಿ? ಆ ಹೊತ್ತನ್ನೂ ಧ್ಯಾನಕ್ಕ ಕೊಟ್ರ ಏನರ ದಕ್ಕೀತು."

ಅಜ್ಜನವರು ಆ ಮಠದ ಹಿರಿಯ ಗುರುಗಳು. ಆಗ ಹಿತ್ತಿಲಲ್ಲಿ ಬದನೆ ಮಡಿಗೆ ನೀರು ಬಿಡುತ್ತಿದ್ದರು. ಗಿಡಗಳು ಹೂ ಬಿಟ್ಟಿದ್ದವು. ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಒಂದು ಹೂವಿಗೆ ಸಿಡಿದಿದ್ದ ಕೆಸರನ್ನು ಬೆರಳಿನಿಂದ ಸರಿಸಿದರು.

"ಈ ಹೂವಿನ ಬಣ್ಣಕ್ಕ ಒಬ್ಬಾಕಿ ಜೀವಾ ತೇದಿದ್ಲು. ಕೂಡು, ಹೇಳತೀನಿ," ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಕುಂಬಾರರ ಓಣಿಯೊಂದಿತ್ತು. ಅಲ್ಲಿಯವರು ಬರಿ ಗಡಿಗೆ ಮಾಡುತ್ತಿರಲಿಲ್ಲ, ಗಡಿಗೆಗೆ ಗಾಜಿನಂಥ ಮೆರುಗು ಕೊಡುತ್ತಿದ್ದರು. ಬಿಳಿ ಬೆಣಚುಕಲ್ಲನ್ನು ಹಿಟ್ಟಿನ ಹಾಗೆ ಬೀಸಬೇಕು. ಚೌಳು ಮಣ್ಣನ್ನು ನೀರಿನಲ್ಲಿ ಕುದಿಸಿ, ಉಪ್ಪು ತೆಗೆದು ಅದಕ್ಕೆ ಬೆರೆಸಬೇಕು. ಅದನ್ನು ಗಡಿಗೆಗೆ ಬಳಿದು ಆವಿಗೆಯಲ್ಲಿಟ್ಟು ಸುಟ್ಟರೆ, ಬೆಂಕಿಯಲ್ಲಿ ಕರಗಿ, ಆರಿದ ಮೇಲೆ ಗಾಜಾಗಿ ಹಿಡಿದುಕೊಳ್ಳುತ್ತದೆ. ಬಣ್ಣ ಬೇಕಿದ್ದರೆ ಬಣ್ಣ ಕೊಡುವ ಕಲ್ಲಿನ ಪುಡಿಯನ್ನೂ ಸೇರಿಸಬೇಕು. ಯಾವ ಕಲ್ಲು, ಎಷ್ಟು ಪುಡಿ ಎನ್ನುವುದೇ ವಿದ್ಯೆ. ಅದನ್ನು ಹೆಂಡತಿಗೂ ಹೇಳದ ಗಂಡಂದಿರು ಆ ಓಣಿಯಲ್ಲಿದ್ದರು. ಹೆಂಡತಿಯರಿಗೆ ಅದು ಮೊದಲೇ ಗೊತ್ತಿರುತ್ತಿತ್ತು, ಆ ಮಾತು ಬೇರೆ.

ಓಣಿಯಲ್ಲಿ ಒಂದು ಕಟ್ಟಳೆ ಇತ್ತು. ಮನೆಗೊಂದು ಬಣ್ಣ. ಒಂದು ಮನೆಯದು ಹಸಿರು, ಒಂದು ಮನೆಯದು ಜೇನು, ಒಂದು ಮನೆಯದು ಕಾಡಿಗೆಯ ಕಪ್ಪು. ಒಬ್ಬರ ಬಣ್ಣವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಬಣ್ಣ ಇದ್ದವರಿಗೆ ಮಾತ್ರ ಸ್ವಂತ ಆವಿಗೆ. ಬಣ್ಣ ಇಲ್ಲದವರು ಬರಿ ಕೆಂಪು ಗಡಿಗೆ ಮಾಡಿ, ಅದನ್ನು ಸುಡಲು ಬೇರೆಯವರ ಆವಿಗೆಯ ಮುಂದೆ ಸರದಿ ಕಾಯಬೇಕಿತ್ತು. ಅದಕ್ಕೂ ಗತಿಯಿಲ್ಲದವರು ಕೂಲಿಗೆ ಮಣ್ಣು ತುಳಿಯಬೇಕಿತ್ತು.

ಜೇನು ಬಣ್ಣದ ಮನೆಯ ಕುಂಬಾರನಿಗೆ ಒಬ್ಬಳೇ ಮಗಳು. ಗಂಡುಮಕ್ಕಳಿರಲಿಲ್ಲ. ಕುಂಬಾರ ತನಗೆ ಬಂದದ್ದನ್ನೆಲ್ಲ ಅವಳಿಗೆ ಕಲಿಸಿದ. ಅವಳು ತಿಗರಿ ತಿರುಗಿಸಿದರೆ, ಗಡಿಗೆಯ ಕಂಠ ನೋಡಿ ಇದು ಅಪ್ಪನದೋ ಮಗಳದೋ ಎಂದು ಓಣಿಯವರು ಜಗಳಾಡುತ್ತಿದ್ದರು. ಒಂದು ದಿನ ಅಪ್ಪ ತೀರಿಕೊಂಡ. ಹಿರಿಯರು ಸೇರಿದರು. ಜೇನು ಬಣ್ಣ ಗಂಡಿನ ಕಡೆಗೆ, ಎಂದರೆ ಅವಳ ದೊಡ್ಡಪ್ಪನ ಮಗನಿಗೆ ಹೋಗಬೇಕು ಎಂದು ತೀರ್ಮಾನವಾಯಿತು. ಕಟ್ಟಳೆ ಹಾಗಿತ್ತು, ಯಾರೂ ಎದುರಾಡಲಿಲ್ಲ. ಉಳಿದದ್ದು ಆವಿಗೆಯ ಮಾತು.

ಓಣಿಯ ಹಿರಿಯ ಕೆಟ್ಟವನಲ್ಲ. ಅವನು ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿದ. "ಮಗಳ, ನಿನ್ನ ಕೈ ಛಲೋ ಐತಿ, ಇಲ್ಲ ಅನ್ನೂದಿಲ್ಲ. ಆದರ ಬಣ್ಣ ಇಲ್ಲದವರಿಗೆ ಆವಿಗಿ ಇಲ್ಲ. ಯುಗಾದಿ ತನಕಾ ಆವಿಗಿ ನಿನ್ನ ಹಂತ್ಯಾಕ ಇರಲಿ. ಅಷ್ಟರೊಳಗ ನಿಂದು ಅನ್ನೂ ಬಣ್ಣ ಒಂದು ತಗದು ತೋರಿಸು. ಆಗಲಿಲ್ಲಂದ್ರ ಅದೂ ನಿಮ್ಮಣ್ಣಗ ಹೋಗತೈತಿ."

"ತೋರಸ್ತೀನಿ," ಎಂದಳು.

"ಯಾವ ಬಣ್ಣ?"

ಆವಿಗೆಯ ಪಕ್ಕದಲ್ಲಿ ಅವಳ ಅಪ್ಪ ನೆಟ್ಟ ಬದನೆ ಗಿಡಗಳಿದ್ದವು. ಹೂ ಬಿಟ್ಟಿದ್ದವು. ಅವಳು ಅತ್ತ ಕೈ ತೋರಿಸಿದಳು. ಕೂತಿದ್ದವರೆಲ್ಲ ನಕ್ಕರು. ಆ ತಿಳಿ ನೇರಳೆ ಮಣ್ಣಿಗೆ ಒಲಿಯುವುದಿಲ್ಲ ಎನ್ನುವುದು ಓಣಿಯ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವಳ ಅಪ್ಪನೇ ಹರೆಯದಲ್ಲಿ ಒಂದು ಕೈ ನೋಡಿ ಬಿಟ್ಟಿದ್ದ. ಅವಳು ಮಾತ್ರ ನಗಲಿಲ್ಲ. ಅವಳಿಗೆ ಹಟ ಬಂದಿತ್ತು, ಜೊತೆಗೆ ಒಂದು ಸುಳಿವೂ ಸಿಕ್ಕಿತ್ತು.

ಸುಳಿವು ಕೊಟ್ಟವನು ಒಬ್ಬ ಬಳೆಗಾರ. ಅವನ ಮಲಾರದಲ್ಲಿ ಅದೇ ಬಣ್ಣದ ಗಾಜಿನ ಬಳೆಗಳಿದ್ದವು. ಇದಕ್ಕೆ ಏನು ಹಾಕುತ್ತಾರೆ ಎಂದು ಅವಳು ಕೇಳಿದ್ದಳು. "ಗುಡ್ಡದಾಗ ಕೈಗೆ ಮಸಿ ಹತ್ತೂ ಕರೀ ಕಲ್ಲು ಸಿಗತೈತಲ್ಲವ್ವಾ, ಅದರ ಪುಡಿ ಒಂದು ಚಿಟಿಗಿ ಅಂತ," ಎಂದಿದ್ದ ಅವನು. "ನಂಗೇನು ಗೊತ್ತು, ನಾ ಮಾರಾಂವ, ಮಾಡಾಂವ ಅಲ್ಲ." ಅವಳು ಗುಡ್ಡ ಹತ್ತಿ ಆ ಕಲ್ಲು ತಂದಳು. ಕುಟ್ಟಿದಳು, ಬೀಸಿದಳು. ಕೈ, ಕೆನ್ನೆ, ಸೀರೆ ಎಲ್ಲ ಮಸಿಯಾಯಿತು. ಮೆರುಗಿಗೆ ಒಂದು ಚಿಟಿಕೆ ಬೆರೆಸಿ, ಗಡಿಗೆಗೆ ಬಳಿದು, ಆವಿಗೆಗೆ ಇಟ್ಟಳು.

ಇಲ್ಲಿ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಮೆರುಗು ಬಳಿದ ಗಡಿಗೆಯನ್ನು ಆವಿಗೆಯಲ್ಲಿ ಹಾಗೇ ಇಡುವಂತಿಲ್ಲ. ಕರಗಿದ ಮೆರುಗು ತಳಕ್ಕೆ ಇಳಿದು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಪ್ರತಿ ಗಡಿಗೆಯ ಅಡಿಗೆ ಒಂದು ಬಿಲ್ಲೆ ಇಡುತ್ತಾರೆ. ಕೆಂಪು ಮಣ್ಣಿನ ಬಿಲ್ಲೆ ಗಡಿಗೆಗೇ ಅಂಟಿ ಒಂದಾಗಿಬಿಡುತ್ತದೆ, ಕುಟ್ಟಿದರೂ ಬಿಡುವುದಿಲ್ಲ. ಆದ್ದರಿಂದ ದೂರದ ಊರಿನಿಂದ ತರಿಸಿದ ಬಿಳಿ ಜೇಡಿಮಣ್ಣಿನಲ್ಲೇ ಬಿಲ್ಲೆ ಮಾಡಬೇಕು. ಇಳಿದ ಮೆರುಗನ್ನೆಲ್ಲ ಬಿಲ್ಲೆ ಹಿಡಿದುಕೊಳ್ಳುತ್ತದೆ, ಗಡಿಗೆ ಉಳಿಯುತ್ತದೆ.

ಓಣಿಯವರ ನಂಬಿಕೆಯಲ್ಲಿ ಬಿಲ್ಲೆ ಹಿಡಿದುಕೊಳ್ಳುವುದು ಮೆರುಗನ್ನು ಮಾತ್ರವಲ್ಲ, ಬೆಂಕಿಯ ದೃಷ್ಟಿಯನ್ನೂ. ದೃಷ್ಟಿ ತಗುಲಿದ ಬಿಲ್ಲೆಯನ್ನು ಕಣ್ಣೆತ್ತಿ ನೋಡಬಾರದು. ನೋಡಿದರೆ ಮುಂದಿನ ಸಲ ಆವಿಗೆಯೊಳಗಿನ ಗಡಿಗೆಗಳೆಲ್ಲ ಸೀಳುತ್ತವೆ. ಆದ್ದರಿಂದ ಆವಿಗೆ ಬಿಚ್ಚಿದಾಗ ಮೊದಲ ಕೆಲಸ ಇದು: ಮುಖ ತಿರುಗಿಸಿಕೊಂಡು, ಗಡಿಗೆಯ ತಳಕ್ಕೆ ಕೋಲಿನಿಂದ ಕುಟ್ಟಿ, ಬಿಲ್ಲೆ ಬಿಡಿಸಿ, ಎಡ ಹೆಗಲ ಮೇಲಿನಿಂದ ಅಂಗಳದ ಗೋಡೆಯಾಚೆಗೆ ಒಗೆಯುವುದು. ಆಮೇಲೆ ಗಡಿಗೆಯ ಬೂದಿ ಒರೆಸಿ ನೋಡುವುದು. ಪ್ರತಿ ಮನೆಯ ಗೋಡೆಯ ಹಿಂದೆ ಅಂಥದೊಂದು ತಿಪ್ಪೆ ಬೆಳೆದಿತ್ತು. ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ.

ಅವಳು ಮೊದಲ ಆವಿಗೆ ಬಿಚ್ಚಿದಳು. ಅಪ್ಪ ಕಲಿಸಿದ ಹಾಗೆ ಮುಖ ತಿರುಗಿಸಿ ಬಿಲ್ಲೆ ಒಗೆದಳು. ಗಡಿಗೆಯ ಬೂದಿ ಒರೆಸಿದಳು. ಗಡಿಗೆಯ ಮೇಲೆ ಬೆಲ್ಲದ ನೀರು ಚೆಲ್ಲಿದ ಹಾಗೆ ಮಾಸಲು ಕಂದು ಕೂತಿತ್ತು. ನೇರಳೆಯ ಸುಳಿವೇ ಇರಲಿಲ್ಲ.

ಪುಡಿ ಕಡಿಮೆಯಾಗಿದೆ ಎಂದುಕೊಂಡಳು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ. ಎರಡನೆಯ ಸಲ ಹೆಚ್ಚು ಹಾಕಿದಳು. ಕಂದು ಗಾಢವಾಯಿತು. ಇನ್ನೂ ಹೆಚ್ಚು ಹಾಕಿದಳು, ತುಕ್ಕು ಹಿಡಿದ ಕಬ್ಬಿಣದಂತಾಯಿತು. ಹಿಡಿಗಟ್ಟಲೆ ಹಾಕಿದಳು, ಒಲೆಯ ಮೇಲಿನ ಹೆಂಚಿನಂತಾಯಿತು. ಆಮೇಲೆ ಕಲ್ಲಿನ ಮೇಲೆ ಅನುಮಾನ ಬಂತು, ಬೇರೆ ಗುಡ್ಡದಿಂದ ಕಲ್ಲು ತಂದಳು. ಉಪ್ಪಿನ ಮೇಲೆ ಅನುಮಾನ ಬಂತು, ಬೇರೆ ಹಳ್ಳದ ಚೌಳು ಮಣ್ಣು ತಂದು ಕುದಿಸಿದಳು. ಜಾಲಿ ಕಟ್ಟಿಗೆ ಬಿಟ್ಟು ಹುಣಸೆ ಕಟ್ಟಿಗೆ ಒಟ್ಟಿದಳು. ಬೆಂಕಿ ಏರಿಸಿದಳು, ಇಳಿಸಿದಳು. ಸೋಮವಾರ ಉಪವಾಸ ಹಿಡಿದಳು. ಪ್ರತಿ ಸಲವೂ ಬಿಲ್ಲೆ ಗೋಡೆಯಾಚೆ ಹೋಗಿ ಠಣ್ ಎಂದು ಬೀಳುತ್ತಿತ್ತು. ಪ್ರತಿ ಸಲವೂ ಗಡಿಗೆ ಕಂದಾಗಿಯೇ ಬರುತ್ತಿತ್ತು.

ದೊಡ್ಡಪ್ಪನ ಮಗ ದಿನ ಬಿಟ್ಟು ದಿನ ಬಂದು ನೋಡಿ ಹೋಗುತ್ತಿದ್ದ. ಮಾತಿನಲ್ಲಿ ಹರಿತ, ಮನಸ್ಸಿನಲ್ಲಿ ಅಷ್ಟೇನೂ ಕೆಟ್ಟವನಲ್ಲ. ಒಮ್ಮೆ ಅವಳ ಗಡಿಗೆಯೊಂದನ್ನು ಎತ್ತಿ ಹಿಡಿದು, ಓಣಿಗೆಲ್ಲ ಕೇಳುವ ಹಾಗೆ ಹೇಳಿದ. "ತಂಗೀ, ಬದನಿ ಹೂ ತರತೀನಂದಿ, ಸುಟ್ಟ ಬದನಿಕಾಯಿ ತಂದಿಯಲ್ಲ! ಒಂದೀಟು ಉಪ್ಪು ಖಾರ ಹಾಕು, ರೊಟ್ಟಿಗರ ಆದೀತು."

ಆ ಮಾತಿಗೆ ಓಣಿ ವಾರವೆಲ್ಲ ನಕ್ಕಿತು. ಅವಳಿಗೂ ನಗು ಬಂತು, ಯಾಕೆಂದರೆ ಗಡಿಗೆ ನಿಜವಾಗಿಯೂ ಹಾಗೇ ಇತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು.

ಯುಗಾದಿ ಹತ್ತಿರವಾಯಿತು. ಬಿಳಿ ಜೇಡಿ ಓಣಿಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ. ಮನೆಮನೆಗೂ ಅದನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಅವಳು ಎಲ್ಲರಿಗಿಂತ ಹೆಚ್ಚು ಸಲ ಆವಿಗೆ ಹಚ್ಚಿದ್ದಳು, ಎಲ್ಲರಿಗಿಂತ ಹೆಚ್ಚು ಬಿಲ್ಲೆ ಒಗೆದಿದ್ದಳು. ಈಗ ಅವಳ ಬುಟ್ಟಿಯ ತಳದಲ್ಲಿ ಉಳಿದದ್ದು ಒಂದು ಮುದ್ದೆಯಷ್ಟು ಜೇಡಿ. ಅದರಿಂದ ಒಂದು ಆವಿಗೆಗೆ ಸಾಲುವಷ್ಟು ಬಿಲ್ಲೆ ಆಗುವ ಮಾತೇ ಇಲ್ಲ. ಬೇರೆ ಮನೆಗಳಲ್ಲಿ ಕೇಳಿ ನೋಡಿದಳು. ಎಲ್ಲರೂ ಹಬ್ಬದ ಆವಿಗೆಗೆಂದು ತಮ್ಮ ತಮ್ಮ ಪಾಲನ್ನು ಆಗಲೇ ಕಲಸಿ ಬಿಲ್ಲೆ ತಟ್ಟಿದ್ದರು.

ಆ ದಿನವೇ ದೊಡ್ಡಪ್ಪನ ಮಗ, ಆ ಅಣ್ಣ, ಬಂದ. ಈ ಸಲ ಗೇಲಿ ಮಾಡಲಿಲ್ಲ. ಆವಿಗೆಯ ಸುತ್ತ ಒಂದು ಸುತ್ತು ಹಾಕಿದ, ಗೋಡೆ ತಟ್ಟಿ ನೋಡಿದ, ಆಮೇಲೆ ಮೆಲ್ಲಗೆ ಹೇಳಿದ. "ತಂಗೀ, ಬ್ಯಾಸರ ಮಾಡ್ಕೋಬ್ಯಾಡ. ಹಬ್ಬದ ದಿನಾನ ನನ್ನ ಗಡಗಿ ತಂದು ಇಲ್ಲಿ ಪೇರಸ್ತೀನಿ. ನೀ ಮಣ್ಣು ತುಳಿಯಾಕ ನನ್ನ ಹಂತ್ಯಾಕ ಬಾ. ಎರಡು ಹೊತ್ತು ಊಟಕ್ಕ ಕಡಿಮಿ ಮಾಡೂದಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಒಳ್ಳೆಯ ಮನಸ್ಸಿನಿಂದ ಹೇಳಿದ್ದ, ಅದೇ ಎದೆಗೆ ನಾಟಿತು. ಅಪ್ಪನ ಆವಿಗೆಯ ಮುಂದೆ, ಇನ್ನೊಬ್ಬರ ಮಣ್ಣನ್ನು ತುಳಿಯುತ್ತ ನಿಲ್ಲುವುದನ್ನು ಅವಳು ಕಣ್ಣ ಮುಂದೆ ಕಂಡಳು. ಅವನು ಹೋದ ಮೇಲೆ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು. ಇನ್ನೊಂದು ಸಲ ಆವಿಗೆ ಹಚ್ಚಲೇಬೇಕು. ಬಿಲ್ಲೆ ಇಲ್ಲವೆಂದರೆ ಗೋಡೆಯ ಹಿಂದೆ ತಿಪ್ಪೆಗಟ್ಟಲೆ ಬಿಲ್ಲೆ ಬಿದ್ದಿವೆ. ದೃಷ್ಟಿ ತಗುಲಿದ್ದರೆ ತಗುಲಲಿ. ಇದಕ್ಕಿಂತ ಹೆಚ್ಚು ಕೆಡಲು ಇನ್ನೇನು ಉಳಿದಿದೆ?

ಹಾಗೆಂದುಕೊಂಡಳು, ಆದರೆ ಹೆದರಿಕೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬುಟ್ಟಿ ಹಿಡಿದು ಗೋಡೆಯ ಹಿಂದಕ್ಕೆ ಹೋದವಳು ತಿಪ್ಪೆಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಳು. ಮುಖವನ್ನು ಹೊಲದ ಕಡೆ ತಿರುಗಿಸಿದಳು. ಕೈ ಹಿಂದೆ ಚಾಚಿ, ತಡಕಾಡಿ, ಸಿಕ್ಕ ಬಿಲ್ಲೆಗಳನ್ನು ಬುಟ್ಟಿಗೆ ಹಾಕತೊಡಗಿದಳು. ನೋಡಿದವರು ಏನೆಂದುಕೊಳ್ಳುತ್ತಿದ್ದರೋ! ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಹಿಂದಿನ ದಿನ ಅಡ್ಡಮಳೆ ಹೊಡೆದು ತಿಪ್ಪೆಯ ಬೂದಿಯೆಲ್ಲ ತೊಳೆದುಹೋಗಿತ್ತು.

ಬಿಲ್ಲೆಯೊಂದರ ಅಂಚಿಗೆ ಗಟ್ಟಿಯಾಗಿದ್ದ ಮೆರುಗಿನ ಹನಿ ಬೆರಳಿಗೆ ಚುಚ್ಚಿತು. ಅವಳು ಸಟ್ಟನೆ ಬಿಲ್ಲೆ ಹಿಡಿದ ಕೈಯನ್ನೇ ಮುಂದೆ ತಂದು, ರಕ್ತ ಬಂತೇ ಎಂದು ನೋಡಿದಳು. ಬೆರಳು ನೋಡಲು ಹೋದವಳಿಗೆ ಬಿಲ್ಲೆ ಕಂಡುಬಿಟ್ಟಿತು.

ಬಿಳಿ ಬಿಲ್ಲೆಯ ಮೇಲೆ ನೇರಳೆ ಇತ್ತು.

ಕಳಿತ ನೇರಳೆ ಹಣ್ಣಿನ ಬಣ್ಣ. ಹನಿ ದಪ್ಪಗೆ ನಿಂತ ಕಡೆ ಕಪ್ಪಗೆ, ತೆಳ್ಳಗೆ ಹರಡಿದ ಕಡೆ ತಿಳಿಯಾಗಿ. ಹೆಬ್ಬೆರಳಿನಿಂದ ತಿಕ್ಕಿದಳು, ಹೋಗಲಿಲ್ಲ. ಉಗುಳು ಹಚ್ಚಿ ತಿಕ್ಕಿದಳು, ಇನ್ನೂ ಹೊಳೆಯಿತು. ಆಗ ದೃಷ್ಟಿ, ಬೆಂಕಿ, ಕಟ್ಟಳೆ ಒಂದೂ ಅವಳ ನೆನಪಿಗೆ ಬರಲಿಲ್ಲ. ತಿಪ್ಪೆಯ ಕಡೆ ತಿರುಗಿ ಎರಡೂ ಕೈಯಿಂದ ಬಗೆಯತೊಡಗಿದಳು. ಮೇಲಿದ್ದವು ಇತ್ತೀಚೆಗೆ ಒಗೆದವು, ಹಿಡಿಗಟ್ಟಲೆ ಪುಡಿ ಹಾಕಿದ ಸಲದವು. ಅವುಗಳ ಮೇಲೆ ನೇರಳೆ ಕಪ್ಪಾಗಿತ್ತು. ಅವುಗಳ ಕೆಳಗಿನವು ಸ್ವಲ್ಪ ತಿಳಿ. ಅವುಗಳ ಕೆಳಗೆ ಇನ್ನೂ ತಿಳಿ. ಬಗೆದಷ್ಟೂ ಬಣ್ಣ ಹಗುರಾಗುತ್ತ ಹೋಯಿತು. ಎಲ್ಲಕ್ಕಿಂತ ಅಡಿಯಲ್ಲಿ, ಅಪ್ಪನ ಕಾಲದ ಜೇನು ಬಣ್ಣದ ಬಿಲ್ಲೆಗಳಿಗೆ ತಾಗಿದಂತೆ, ಅವಳು ಮೊದಲ ಸಲ ಒಗೆದ ಬಿಲ್ಲೆ ಸಿಕ್ಕಿತು. ಅದರ ಮೇಲೆ ಗಡಿಗೆಯ ಪಾದ ಕೂತಿದ್ದ ಸುತ್ತಿನಲ್ಲಿ ಬದನೆ ಹೂವಿನ ಬಣ್ಣ ಇತ್ತು. ಅದರಂಥದಲ್ಲ, ಅದೇ.

ಅವಳು ತಿಪ್ಪೆಯ ನಡುವೆ ಕೂತುಬಿಟ್ಟಳು. ಒಂದು ಸಲವೂ ಅವಳು ಸೋತಿರಲಿಲ್ಲ. ಮೊದಲ ಸಲವೇ ಬಣ್ಣ ಬಂದಿತ್ತು. ಎರಡನೆಯ ಸಲವೂ ಬಂದಿತ್ತು, ಪ್ರತಿ ಸಲವೂ ಬಂದಿತ್ತು. ಗೆದ್ದದ್ದನ್ನು ಕೈಯಾರೆ ಕುಟ್ಟಿ ಬಿಡಿಸಿ, ಮುಖ ತಿರುಗಿಸಿ, ಗೋಡೆಯಾಚೆಗೆ ಎಸೆದು, ಒಳಗೆ ಹೋಗಿ ಅತ್ತಿದ್ದಳು. ಅವಳಿಗೆ ನಗು ಉಕ್ಕಿ ಬಂತು. ಹೊಲದಲ್ಲಿದ್ದ ಎತ್ತುಗಳು ತಲೆಯೆತ್ತಿ ನೋಡುವಷ್ಟು ಜೋರಾಗಿ ನಕ್ಕಳು.

ನಕ್ಕು ಮುಗಿದ ಮೇಲೆ ಕುಂಬಾರರ ಬುದ್ಧಿ ಕೆಲಸ ಮಾಡಿತು. ಅದೇ ಮೆರುಗು, ಅದೇ ಬೆಂಕಿ. ಗಡಿಗೆಯ ಮೇಲೆ ಕಂದು, ಬಿಲ್ಲೆಯ ಮೇಲೆ ನೇರಳೆ.

ಹಾಗಾದರೆ ಮೆರುಗಿನಲ್ಲಿ ದೋಷವಿಲ್ಲ, ಅದರ ಅಡಿಯಲ್ಲಿದೆ. ಮೆರುಗು ಗಾಜು. ಗಾಜಿನ ಮೂಲಕ ಅಡಿಯ ಮಣ್ಣು ಕಾಣುತ್ತದೆ. ಕೆಂಪು ಮಣ್ಣಿನ ಕೆಂಪು ಆ ತಿಳಿ ನೇರಳೆಯನ್ನು ನುಂಗಿ ಕಂದು ಮಾಡುತ್ತಿತ್ತು. ಬಳೆಯ ಅಡಿಯಲ್ಲಿ ಕೆಂಪು ಇಲ್ಲ, ಅಲ್ಲಿ ಬಣ್ಣ ತನ್ನ ಪಾಡಿಗೆ ತಾನು ಇತ್ತು. ಅವಳು ಕಲ್ಲು ಬದಲಿಸಿದಳು, ಉಪ್ಪು ಬದಲಿಸಿದಳು, ಕಟ್ಟಿಗೆ ಬದಲಿಸಿದಳು. ಗಡಿಗೆ ಕೆಂಪಗಿದೆ ಎನ್ನುವುದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಹುಟ್ಟಿದಾಗಿನಿಂದ ಕಂಡ ಕೆಂಪು ಅದು. ಕುಂಬಾರರಿಗೆ ಕೆಂಪು ಒಂದು ಬಣ್ಣವೇ ಅಲ್ಲ.

ಆಮೇಲೆ ಅವಳ ಕೈ ತಡೆಯಲಿಲ್ಲ. ಬುಟ್ಟಿಯ ತಳದ ಆ ಒಂದು ಮುದ್ದೆ ಜೇಡಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತಂದಳು. ಒಂದು ಗಡಿಗೆಗೆ ಬಳಿಯುವಷ್ಟರಲ್ಲಿ ಅದು ಮುಗಿಯಿತು. ಕೆಂಪು ಗಡಿಗೆ ಬೆಳ್ಳಗಾಗಿ ಆರಿತು. ಮೆರುಗಿಗೆ ಒಂದು ಚಿಟಿಕೆ ಪುಡಿ ಹಾಕಿದಳು, ಮೊದಲ ಸಲ ಹಾಕಿದಷ್ಟೇ. ಕೈ ಅಭ್ಯಾಸದಿಂದ ಇನ್ನಷ್ಟು ಹಾಕಲು ಹೋಯಿತು, ಕೈಯನ್ನು ತಾನೇ ಹೊಡೆದು ಹಿಂದಕ್ಕೆ ತೆಗೆದುಕೊಂಡಳು. ಆ ಗಡಿಗೆಯನ್ನು ಆವಿಗೆಯ ನಡುವೆ, ಮೊದಲ ಸಲದ ಆ ಬಿಲ್ಲೆಯ ಮೇಲೆಯೇ ಕೂರಿಸಿದಳು. ಸುತ್ತ ಬರಿ ಗಡಿಗೆಗಳನ್ನು ಪೇರಿಸಿ, ಬಾಯಿ ಮುಚ್ಚಿ, ಬೆಂಕಿ ಕೊಟ್ಟಳು. ಬಿಳಿ ಬಳಿದದ್ದು ಒಂದೇ ಗಡಿಗೆ. ಒಡೆದರೆ ಇನ್ನೊಂದಿಲ್ಲ.

ಯುಗಾದಿಯ ಬೆಳಿಗ್ಗೆ ಓಣಿಯವರು ಬೇವು ಬೆಲ್ಲ ತಿಂದು, ಒಬ್ಬೊಬ್ಬರ ಆವಿಗೆಯನ್ನೇ ಬಿಚ್ಚುತ್ತ ಬಂದರು. ಹಸಿರು ಮನೆಯಲ್ಲಿ ಹಸಿರು ಬಂತು, ಕಪ್ಪು ಮನೆಯಲ್ಲಿ ಕಪ್ಪು ಬಂತು. ಕೊನೆಗೆ ಅವಳ ಅಂಗಳ. ಅಣ್ಣ ಆಗಲೇ ತನ್ನ ಹಸಿ ಗಡಿಗೆಗಳ ಬುಟ್ಟಿ ಹೊತ್ತು ಬಂದು ನಿಂತಿದ್ದ, ಬಂದ ಕೈಯಲ್ಲೇ ಪೇರಿಸಿ ಹೋಗೋಣ ಎಂದು. ಅವಳು ಆವಿಗೆಯ ಬಾಯಿಯ ಇಟ್ಟಿಗೆ ತೆಗೆದಳು. ಕೈ ಒಳಗೆ ಹಾಕಿ ಗಡಿಗೆ ಎತ್ತಿದಳು. ಗಡಿಗೆಯ ಮೈಯೆಲ್ಲ ಬೂದಿ, ತಳಕ್ಕೆ ಬಿಲ್ಲೆ ಕಚ್ಚಿಕೊಂಡೇ ಇತ್ತು. ಅವಳು ಮುಖ ತಿರುಗಿಸಲಿಲ್ಲ, ಕೋಲನ್ನೂ ಎತ್ತಿಕೊಳ್ಳಲಿಲ್ಲ.

"ಬಿಲ್ಲಿ ಒಗೀ ಮೊದಲ! ಕಣ್ಣು ಮುಚ್ಚು!" ಎಂದು ಹಿರಿಯ ಕೂಗಿದ. ಕೂಗುವಾಗ ತನ್ನ ಕಣ್ಣನ್ನೂ ಮುಚ್ಚಿಕೊಂಡಿದ್ದ. ಓಣಿಯವರೆಲ್ಲ ಮುಖ ತಿರುಗಿಸಿದರು.

ಅವಳು ಸೆರಗಿನಿಂದ ಬೂದಿ ಒರೆಸಿದಳು. ಒಂದೇ ಸಲ ಒರೆಸಿದಳು, ಸಾಕಾಯಿತು.

"ಕಣ್ಣು ತಗೀರಿ," ಎಂದಳು.

ಮೊದಲು ಅಣ್ಣ ತಿರುಗಿದ. ಅವನ ತಲೆಯ ಮೇಲಿನ ಬುಟ್ಟಿ ವಾಲಿತು. ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು. ಹಿರಿಯನ ಕಣ್ಣು ಮಂಜು. ಅವನು ಬದನೆ ಗಿಡದಿಂದ ಒಂದು ಹೂ ಕಿತ್ತು ತಂದು ಗಡಿಗೆಯ ಮೈಗೆ ಒತ್ತಿ ಹಿಡಿದ. ಹೂವಿನ ಅಂಚು ಎಲ್ಲಿ ಮುಗಿಯಿತು, ಗಡಿಗೆ ಎಲ್ಲಿ ಶುರುವಾಯಿತು, ಅವನಿಗೆ ತಿಳಿಯಲಿಲ್ಲ. ಹೂ ಕೆಳಗೆ ಬಿದ್ದ ಮೇಲೂ ಅದು ಅಲ್ಲೇ ಇದೆ ಎಂದುಕೊಂಡು ಗಡಿಗೆಯ ಮೇಲೆ ಬೆರಳಾಡಿಸಿದ.

"ಆವಿಗಿ ನಿಂದು ಮಗಳ," ಎಂದ. "ಇಂಥಾ ಬಣ್ಣ ಕಂಡು ಸಾಯತೀನಂತ ಅಂದ್ಕೊಂಡಿರಲಿಲ್ಲ. ಯಾವಾಗ ಬಂತಿದು ನಿನಗ? ಎಷ್ಟನೇ ಸಲಕ್ಕ?"

"ಮೊದಲನೇ ಸಲಾನ ಬಂದಿತ್ತಜ್ಜಾ," ಎಂದಳು ಅವಳು. "ನಾನ ಗ್ವಾಡಿ ಆಚಿ ಒಗದಿದ್ದೆ." ಗಡಿಗೆಯನ್ನು ಮಗುಚಿ ತಳದ ಬಿಲ್ಲೆ ತೋರಿಸಿದಳು.

ಅಣ್ಣ ಬುಟ್ಟಿ ಇಳಿಸಿದ. ಅವನೂ ಕುಂಬಾರನೇ, ಆ ಬಣ್ಣ ಕಂಡ ಮೇಲೆ ಅವನಲ್ಲಿ ಮತ್ಸರಕ್ಕೆ ಜಾಗ ಉಳಿದಿರಲಿಲ್ಲ. ತಲೆ ಕೆರೆದುಕೊಂಡು ಕೇಳಿದ. "ತಂಗೀ, ನಾ ಬ್ಯಾರೆ ಆವಿಗಿ ಕಟ್ಟೂ ತನಕಾ ನನ್ನ ಗಡಗಿ ಸುಡಾಕ ನಿನ್ನ ಆವಿಗ್ಯಾಗ ಒಂದೀಟು ಜಾಗಾ ಕೊಡ್ತಿಯೇನು?"

"ಕೊಡ್ತೀನಣ್ಣಾ, ಯಾಕ ಕೊಡೂದಿಲ್ಲ? ಮೊದಲ ಬಂದು ಮಣ್ಣು ತುಳದು ಕೊಡು. ಎರಡು ಹೊತ್ತು ಊಟಕ್ಕ ಕಡಿಮಿ ಮಾಡೂದಿಲ್ಲ."

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣನೇ. ಹೆಂಗಸರು ಅವಳ ಹಣೆಗೆ ಕುಂಕುಮವಿಟ್ಟರು. ಗಡಿಗೆಯನ್ನು ತಲೆಯ ಮೇಲೆ ಹೊರಿಸಿ, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹಲಗೆ ಬಾರಿಸುತ್ತ ಕರೆದುಕೊಂಡು ಹೋದರು. ಬದನೆ ಹೂವಿನ ಮನೆ ಎಂದು ಅಂದಿನಿಂದ ಆ ಮನೆಗೆ ಹೆಸರಾಯಿತು. ಅಪ್ಪ ಇರಬೇಕಿತ್ತು ಎಂದು ಅವಳಿಗೆ ಅನ್ನಿಸಿತು. ಅಷ್ಟು ಬಿಟ್ಟರೆ ಆ ದಿನಕ್ಕೆ ಬೇರೆ ಕೊರತೆ ಇರಲಿಲ್ಲ.

ಆದರೆ ಆ ಯುಗಾದಿಗೆ ಓಣಿಯಲ್ಲಿ ಒಬ್ಬರೂ ಬಿಸಿ ಹೋಳಿಗೆ ತಿನ್ನಲಿಲ್ಲ. ಹೋಳಿಗೆ ಆರಿ ತಣ್ಣಗಾಯಿತು. ಮನೆಯ ಯಜಮಾನರೆಲ್ಲ ಗೋಡೆಯ ಹಿಂದೆ ಕೂತು, ತಮ್ಮ ತಮ್ಮ ತಿಪ್ಪೆ ಕೆದಕುತ್ತಿದ್ದರು.

ಅಜ್ಜನವರು ಕತೆ ನಿಲ್ಲಿಸಿದರು. ಬದನೆ ಮಡಿ ತುಂಬಿತ್ತು, ನೀರನ್ನು ಪಕ್ಕದ ಮಡಿಗೆ ತಿರುಗಿಸಿದರು. ಅಡುಗೆಮನೆಯ ಕಡೆಯಿಂದ ಊಟದ ಗಂಟೆ ಕೇಳಿಸಿತು. ಮಂದಿ ಪಂಕ್ತಿಯಲ್ಲಿ ಕೂರುವ ಸದ್ದೂ ಕೇಳಿಸಿತು.

ರೇವಣಯ್ಯನ ಮುಖ ಅರಳಿತ್ತು. "ತಿಳೀತು ಅಜ್ಜಾರ! ನನ್ನ ಧ್ಯಾನದಾಗ ದೋಷ ಇಲ್ಲ, ಅಡಿಗಿರೂ ಮನಸ್ಸು ಬೆಳ್ಳಗಾಗಿಲ್ಲ. ಅದನ್ನ ಬೆಳ್ಳಗ ಮಾಡ್ಕೋತೀನಿ. ಅದಕ್ಕ ಹೊತ್ತು ಬೇಕು. ಹಂಗಾದ್ರ ನಾಳಿಂದ ಬಡಿಸೂ ಕೆಲಸ ಬಿಡ್ಲೇನ್ರಿ?"

ಅಜ್ಜನವರು ಅವನ ಮುಖವನ್ನೇ ನೋಡಿದರು.

"ನಿನ್ನೆ ಬಡಿಸೂ ಮುಂದ ನಿನ್ನ ಊಟಾನ ಮರತಿದ್ದೆಲ್ಲ ರೇವಣಯ್ಯ, ಆವಾಗ ಆ 'ನಾನು' ಎಲ್ಲಿ ಹೋಗಿತ್ತು?"

ರೇವಣಯ್ಯ ಎದ್ದು, ಬಡಿಸಲು ಪಂಕ್ತಿಯ ಕಡೆಗೆ ನಡೆದ.